ಎರೆಮಣ್ಣಿನಲ್ಲಿ ಶಾಲೆಗೆ ಎರಡು ಹೊಸ ಕೊಠಡಿ: ಪಾಯ ಎಷ್ಟು ಆಳ? ಹಳೆ ಗೋಡೆಗೆ ಅಂಟಿಸಬಹುದೇ?

ಎಸ್‌ಡಿಎಂಸಿ_ಗದಗ

ಗದಗ ತಾಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಎರಡು ಕೊಠಡಿ ಸೇರಿಸುವ ಕೆಲಸ. ಒಂದೊಂದು 6 ಮೀ × 8 ಮೀ. ಸದ್ಯಕ್ಕೆ ಒಂದೇ ಅಂತಸ್ತು, ಮುಂದೆ ಮೇಲೊಂದು ಬರಬಹುದು. ಜಾಗವೆಲ್ಲ ಎರೆಮಣ್ಣು. ಮೂರು ಕಡೆ ಗುಂಡಿ ತೆಗೆಸಿದೆವು: 1.8 ಮೀಟರಿನವರೆಗೆ ಕಪ್ಪು ಎರೆ, ಅದರ ಕೆಳಗೆ ಹಳದಿ ಗರಸು (ಹರಳು ಬೆರೆತ ಮಣ್ಣು), ಗುದ್ದಲಿಗೆ ಗಟ್ಟಿ. ನೀರು ಕಾಣಲಿಲ್ಲ. ಹಳೆ ಕಟ್ಟಡ ಸೈಜುಗಲ್ಲಿನದು. ಅದರ ಪಾಯ ನೆಲದಿಂದ 1.2 ಮೀ ಆಳಕ್ಕಿದೆ, ಗೋಡೆಯ ಮುಖದಿಂದ 30 ಸೆಂ.ಮೀ ಹೊರಗೆ ಚಾಚಿದೆ.

ಅಂದಾಜು ಪಟ್ಟಿಯಲ್ಲಿ ಹೊಸ ಕೊಠಡಿಗೂ 1.2 ಮೀ ಆಳದ ಕಲ್ಲಿನ ಪಾಯ, ಹಳೆ ಗೋಡೆಗೆ ಅಂಟಿಸಿಯೇ ಕಟ್ಟುವುದು, ಪ್ಲಿಂತ್ (ಹೊರಗಿನ ನೆಲದಿಂದ ಕೊಠಡಿಯ ನೆಲದವರೆಗಿನ ಎತ್ತರ) ಒಳಗೆ ಅಗೆದ ಮಣ್ಣನ್ನೇ ತುಂಬಿ ನೀರು ಕಟ್ಟುವುದು ಎಂದಿದೆ. ಇದು ಸರಿಯೇ? ಕೆಲಸ ಶುರುವಾಗುವ ಮುನ್ನ ಏನೇನು ಬದಲಿಸಬೇಕು?

ಮಣ್ಣುಗುಣ

ಮೂರೂ ತಪ್ಪು ಸರ್. ಆದರೆ ಮೊದಲು ಮಣ್ಣು ಎಷ್ಟು ಉಬ್ಬುತ್ತದೆ ಎಂದು ತಿಳಿಯಲಿ. ಬಣ್ಣ ನೋಡಿ ಹೇಳುವ ಮಾತಲ್ಲ ಅದು. ಉಬ್ಬುವಿಕೆಯ ಸೂಚ್ಯಂಕದ ಪರೀಕ್ಷೆ ಐಎಸ್ (ಭಾರತೀಯ ಮಾನಕ) 2720ರ 40ನೇ ಭಾಗದಲ್ಲಿದೆ, ಖರ್ಚೂ ಕಡಿಮೆ. ಮಣ್ಣನ್ನು ಒಣಗಿಸಿ 425 ಮೈಕ್ರಾನ್ ಜರಡಿ ಹಿಡಿದು 10 ಗ್ರಾಂನಂತೆ ಎರಡು ಪಾಲು ಮಾಡಿ. ಒಂದನ್ನು 100 ಮಿ.ಲೀ. ಅಳತೆ ಜಾಡಿಯಲ್ಲಿ ಬಟ್ಟಿ ಇಳಿಸಿದ ನೀರಿಗೆ, ಇನ್ನೊಂದನ್ನು ಸೀಮೆಎಣ್ಣೆಗೆ ಹಾಕಿ 24 ಗಂಟೆ ಬಿಡಿ. ಸೀಮೆಎಣ್ಣೆಯಲ್ಲಿ ಎರೆ ಉಬ್ಬುವುದಿಲ್ಲ. ನೀರಿನಲ್ಲಿ 22 ಮಿ.ಲೀ., ಎಣ್ಣೆಯಲ್ಲಿ 11 ಮಿ.ಲೀ. ಬಂದರೆ ಸೂಚ್ಯಂಕ ಶೇ. 100. ಶೇ. 50 ದಾಟಿದರೆ ಎಚ್ಚರ, 100 ದಾಟಿದರೆ ಮಾಮೂಲಿ ಪಾಯದ ಯೋಚನೆ ಬಿಡಿ.

ಜೊತೆಗೆ ದ್ರವಮಿತಿ (ಮಣ್ಣು ಹರಿಯತೊಡಗುವ ತೇವ), ಪ್ಲಾಸ್ಟಿಕ್ ಮಿತಿ (ಮಣ್ಣು ಬಿರಿಯದೆ ನಾದಬಹುದಾದ ಕನಿಷ್ಠ ತೇವ), ಉಬ್ಬುವ ಒತ್ತಡ ಇಷ್ಟನ್ನು ಕೇಳಿ. ಮಾದರಿಯನ್ನು 0.5, 1.0, 1.5 ಮೀಟರಿನಿಂದ ಬೇರೆಬೇರೆಯಾಗಿ ತೆಗೆಯಿರಿ. ಮೂರನ್ನೂ ಒಂದೇ ಚೀಲಕ್ಕೆ ಸುರಿದು ಕಳಿಸಿದರೆ ಬರುವ ಅಂಕಿ ಯಾವ ಆಳದ್ದೂ ಅಲ್ಲ. ಗರಸಿನ ಮಾದರಿಯೂ ಬೇಕು. ಹಳದಿ ಗರಸು ಎಂದುಕೊಂಡದ್ದು ಕೆಲವು ಕಡೆ ಸುಣ್ಣದ ಹರಳು ಬೆರೆತ ಹಳದಿ ಜೇಡಿಯಾಗಿರುತ್ತದೆ, ಅದೂ ಉಬ್ಬುತ್ತದೆ.

ಕಂಬಲೆಕ್ಕ

1.2 ಮೀ ಯಾಕೆ ಸಾಲದು ಎಂಬುದನ್ನು ಸೇರಿಸುತ್ತೇನೆ. ಎರೆಮಣ್ಣು ಭಾರ ತಾಳುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಒಣಗಿದಾಗ ಅದು ಕಲ್ಲಿನಂತೆಯೇ ತಾಳುತ್ತದೆ. ತೊಂದರೆ ಇರುವುದು ತೇವ ಏರಿಳಿಯುವುದರಲ್ಲಿ. ಮಳೆಗಾಲದಲ್ಲಿ ಉಬ್ಬಿ ಎತ್ತುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕುಗ್ಗುತ್ತದೆ. ಈ ಏರಿಳಿತ ಮೇಲಿನ ಒಂದೂವರೆ ಮೀಟರಿನಲ್ಲಿ ಜೋರು, ಆಳದ ಎರೆಯಲ್ಲಿ ಮೂರೂವರೆ ಮೀಟರಿನವರೆಗೂ ಹೋಗುತ್ತದೆ. 1.2 ಮೀಟರಿಗೆ ಕೂತ ಪಾಯ ಕುಣಿಯುವ ಪದರದ ನಡುವೆಯೇ ಕೂತಂತೆ.

ಇನ್ನೊಂದು: ಒಂದಂತಸ್ತಿನ ಶಾಲೆ ಹಗುರ. ಪಾಯದ ಕೆಳಗೆ ಬೀಳುವ ಒತ್ತಡ ಚದರ ಮೀಟರಿಗೆ 50ರಿಂದ 100 ಕಿಲೋನ್ಯೂಟನ್. ಕೆಟ್ಟ ಎರೆಯ ಉಬ್ಬುವ ಒತ್ತಡ 200–300 ಇರಬಹುದು. ಅಂದರೆ ಮಣ್ಣು ಕಟ್ಟಡವನ್ನು ಸಲೀಸಾಗಿ ಎತ್ತುತ್ತದೆ. ಎರೆ ಸೀಮೆಯಲ್ಲಿ ದೊಡ್ಡ ಕಟ್ಟಡಕ್ಕಿಂತ ಶಾಲೆ, ಅಂಗನವಾಡಿ, ಕಾಂಪೌಂಡ್ ಗೋಡೆಗಳೇ ಹೆಚ್ಚು ಬಿರಿಯುವುದು ಇದಕ್ಕೇ. ಐಎಸ್ 1904ರ ಹಳೆ ಪಟ್ಟಿ ಬೇರೆ ಮಣ್ಣುಗಳಿಗೆ ಊಹೆಯ ಧಾರಣಶಕ್ತಿ (ಭಾರ ತಾಳುವ ಶಕ್ತಿ) ಕೊಟ್ಟು, ಎರೆಮಣ್ಣಿಗೆ ಮಾತ್ರ ಪರೀಕ್ಷೆ ಮಾಡಿಯೇ ನಿರ್ಧರಿಸಿ ಎನ್ನುತ್ತದೆ.

ನಿಮ್ಮಲ್ಲಿ 1.8 ಮೀಟರಿಗೇ ಗರಸು ಸಿಕ್ಕಿದ್ದು ಪುಣ್ಯ. ಎರೆ ದಾಟಿ ಗರಸಿನೊಳಗೆ 30 ಸೆಂ.ಮೀ ಇಳಿದು, ಅಂದರೆ 2.1 ಮೀಟರಿಗೆ, ಬಿಡಿ ಫುಟಿಂಗ್ (ಪಿಲ್ಲರಿಗೊಂದರಂತೆ ಅಗಲದ ಕಾಂಕ್ರೀಟ್ ಪಾದ) ಕೂರಿಸಿ. ಗರಸಿನ ಧಾರಣಶಕ್ತಿ ಚದರ ಮೀಟರಿಗೆ 200 ಕಿಲೋನ್ಯೂಟನ್ ಎಂದು ವರದಿ ಬಂದರೆ ಲೆಕ್ಕ ಹೀಗೆ: ಮುಂದಿನ ಅಂತಸ್ತೂ ಸೇರಿ, ತರಗತಿಗೆ ಚದರ ಮೀಟರಿಗೆ 3 ಕಿಲೋನ್ಯೂಟನ್ ಚರಭಾರ (ಮಕ್ಕಳು, ಬೆಂಚುಗಳ ಭಾರ) ಹಿಡಿದು, 4 ಮೀಟರ್ ಅಂತರದ ಪಿಲ್ಲರ್ ಒಂದಕ್ಕೆ ಸುಮಾರು 430 ಕಿಲೋನ್ಯೂಟನ್. 430ನ್ನು 200ರಿಂದ ಭಾಗಿಸಿದರೆ 2.15 ಚದರ ಮೀ. 1.5 ಮೀ ಚೌಕದ ಫುಟಿಂಗ್ ಸಾಕು. ಇದು ಅಂದಾಜು ಅಷ್ಟೇ, ವರದಿ ಬಂದ ಮೇಲೆ ಒಂದೊಂದು ಪಿಲ್ಲರಿಗೂ ಲೆಕ್ಕ ಹಾಕಬೇಕು.

ಜೆಇ_ನಿವೃತ್ತ

ಎರೆಮಣ್ಣು ಎಂದರೆ ಅಂಡರ್‌ರೀಮ್ಡ್ ಪೈಲ್ (ನೆಲ ಕೊರೆದು ತುಂಬುವ, ಕೆಳಗೆ ಉಬ್ಬಿರುವ ಕಾಂಕ್ರೀಟ್ ಕಂಬ) ಅಲ್ಲವೇ? ರೂರ್ಕಿಯ ಸಿಬಿಆರ್‌ಐ (ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ) ಅದನ್ನು ರೂಪಿಸಿದ್ದೇ ಇಂಥ ಮಣ್ಣಿಗೆ. 300 ಮಿ.ಮೀ. ಕಂಬ, ತುದಿಯಲ್ಲಿ ಎರಡೂವರೆ ಪಟ್ಟು ಅಂದರೆ 750 ಮಿ.ಮೀ. ಉಬ್ಬು, 12 ಮಿ.ಮೀ.ನ ನಾಲ್ಕು ಸರಳು. ಹಳೆ ಗೋಡೆ ಪಕ್ಕ ಅಗಲವಾಗಿ ಅಗೆಯುವುದೂ ತಪ್ಪುತ್ತದೆ.

ಕಂಬಲೆಕ್ಕ

ಎರೆ 3 ಮೀಟರ್ ದಾಟಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ ಸರ್. ಆಳದ ಎರೆಯಲ್ಲಿ ಐಎಸ್ 2911 ಕನಿಷ್ಠ 3.5 ಮೀ ಉದ್ದ ಕೇಳುತ್ತದೆ. ಇಲ್ಲಿ ಉಬ್ಬು ಬರಬೇಕಾದ ಜಾಗ ಗಟ್ಟಿ ಗರಸಿನೊಳಗೆ ಬೀಳುತ್ತದೆ. ಕೈ ಆಗರ್ (ಕೈಯಿಂದ ತಿರುಗಿಸುವ ಬೈರಿಗೆ) ಕಂಬವನ್ನು ಹೇಗೋ ಕೊರೆಯುತ್ತದೆ, ಆದರೆ ಉಬ್ಬು ಕೊರೆಯುವ ಬಕೆಟ್‌ನ ರೆಕ್ಕೆ ಗರಸಿನಲ್ಲಿ ತೆರೆಯುವುದಿಲ್ಲ. ಆಗ ಆಗುವುದೇನೆಂದರೆ ಉಬ್ಬಿಲ್ಲದ ಬರೀ ಕಂಬಕ್ಕೆ ಕಾಂಕ್ರೀಟು ತುಂಬಿ, ಅಳತೆ ಪುಸ್ತಕದಲ್ಲಿ ಉಬ್ಬು ಬರೆಯುವುದು. ನೆಲದೊಳಗೆ ಹೋದದ್ದನ್ನು ಯಾರು ನೋಡುತ್ತಾರೆ?

ಗೌಂಡಿ_ಹುಬ್ಬಳ್ಳಿ

ಖರೇ ಮಾತ್ರಿ ಸರ. ಉಬ್ಬು ತೆರದೈತೋ ಇಲ್ಲೋ ನೋಡಾಕ ಒಂದ ಉಪಾಯ: ಬಕೆಟ್‌ನಾಗ ಮ್ಯಾಲ ಬಂದ ಮಣ್ಣು ಎಣಿಸಬೇಕ್ರಿ. ಕಂಬಕ್ಕ ಎಷ್ಟು, ಉಬ್ಬಿಗೆ ಎಷ್ಟು ಅಂತ ಮೊದಲ ಲೆಕ್ಕ ಹಾಕಿ ಇಟ್ಕೊಂಡ್ರ ಕಳ್ಳಾಟ ನಡಿಯಂಗಿಲ್ಲ. ಕಾಂಕ್ರೀಟ್ ಚೀಲದ ಲೆಕ್ಕನೂ ಹಂಗ.

ಆದ್ರ ಈ ಜಾಗಕ್ಕ ಫುಟಿಂಗನ ಬರೋಬರಿ. ತೆಗ್ಗು ತೆಗಿಯೂದರಾಗ ಹುಷಾರ್ ಇರ್ರಿ. ಎರಿ ಮಣ್ಣು ಬ್ಯಾಸಗ್ಯಾಗ ಬಿರಿತಿರತೈತಿ. ಎರಡು ಮೀಟರ್ ತೆಗ್ಗಿನ ಬದಿ ಗ್ವಾಡಿ ನಿಂತಂಗ ಕಾಣತೈತಿ, ಬಿರುಕಿನ ಗುಂಟ ದಬಕ್ ಅಂತ ಕುಸಿತೈತಿ. ಒಂದೂವರೆ ಮೀಟರಿಗಿಂತ ಆಳ ಇದ್ರ ಹಲಗಿ ಕೊಟ್ಟು ಬಿಗಿಬೇಕು, ಇಲ್ಲಾ ಬದಿ ಇಳಿಜಾರ ತೆಗಿಬೇಕು. ತೆಗೆದ ಮಣ್ಣು ದಂಡಿಗೆ ಒಟ್ಟಬ್ಯಾಡ್ರಿ, ಒಂದೂವರೆ ಮೀಟರ್ ಆಚೆ ಹಾಕ್ರಿ. ಜೆಸಿಬಿನೂ ದಂಡಿಗೆ ನಿಂದರಬಾರ್ದು.

ಕಂಬಲೆಕ್ಕ

ಈಗ ಹಳೆ ಗೋಡೆಗೆ ಅಂಟಿಸುವ ವಿಷಯ. ನಿಜವಾದ ಕಗ್ಗಂಟು ಇದೇ.

ಹಳೆ ಪಾಯದ ತಳ 1.2 ಮೀ, ಹೊಸದರ ತಳ 2.1 ಮೀ, ವ್ಯತ್ಯಾಸ 0.9 ಮೀ. ಜೇಡಿಮಣ್ಣಿನಲ್ಲಿ ಅಕ್ಕಪಕ್ಕದ ಎರಡು ಪಾಯದ ಅಂಚುಗಳನ್ನು ಸೇರಿಸುವ ಗೆರೆ ಒಂದಕ್ಕೆ ಎರಡರ ಇಳಿಜಾರಿಗಿಂತ ಕಡಿದಾಗಿರಬಾರದು ಎನ್ನುತ್ತದೆ ಐಎಸ್ 1904. ಅಂದರೆ 0.9 ಮೀ ಇಳಿದರೆ 1.8 ಮೀ ದೂರ. ಅದಕ್ಕಿಂತ ಹತ್ತಿರ ಅಗೆದರೆ ಹಳೆ ಪಾಯದ ಕೆಳಗಿನ ಮಣ್ಣು ಪಕ್ಕದ ಆಸರೆ ಕಳೆದುಕೊಂಡು ಗುಂಡಿಗೆ ಜಾರುತ್ತದೆ. ಸೈಜುಗಲ್ಲಿನ ಗೋಡೆಗೆ ಬಾಗುವ ಗುಣವಿಲ್ಲ, ನೇರ ಸೀಳುತ್ತದೆ.

ಲೆಕ್ಕ ಮುಂದುವರಿಸಿ: ಗೋಡೆ ಮುಖದಿಂದ ಹಳೆ ಪಾಯದ ಚಾಚು 0.3, ಅಲ್ಲಿಂದ 1.8, ಹೊಸ ಫುಟಿಂಗಿನ ಅರ್ಧ 0.75. ಒಟ್ಟು 2.85 ಮೀ. ಹೊಸ ಕಟ್ಟಡದ ಮೊದಲ ಪಿಲ್ಲರ್ ಸಾಲು ಹಳೆ ಗೋಡೆಯಿಂದ 2.85 ಮೀ ದೂರ ಬರಬೇಕು. ಅಲ್ಲಿಂದ ಹಳೆ ಗೋಡೆವರೆಗೆ ಕ್ಯಾಂಟಿಲಿವರ್ (ಒಂದೇ ತುದಿಗೆ ಆಸರೆಯಿರುವ ತೊಲೆ) ಚಾಚಿ ಅದರ ಮೇಲೆ ಗೋಡೆ ಕಟ್ಟಬಹುದು, ಆದರೆ ಎರಡು ಕೊಠಡಿಯ ಕೆಲಸಕ್ಕೆ ಅಷ್ಟು ಕಬ್ಬಿಣ ಸುರಿಯುವುದು ನನಗೆ ಒಪ್ಪಿಗೆಯಿಲ್ಲ. ಅಂಟಿಸಲೇಬೇಕಾ ಎಂದು ಮೊದಲು ಕೇಳಿ. ಅಷ್ಟು ಜಾಗವನ್ನು ಓಣಿಯಾಗಿ ಬಿಡಿ. ಇಳಿಜಾರು ದಾರಿಯನ್ನು ಅಲ್ಲೇ ಕೊಡಿ: 45 ಸೆಂ.ಮೀ ಪ್ಲಿಂತ್‌ಗೆ 1:12ರಂತೆ 5.4 ಮೀ ಉದ್ದ ಬೇಕು, ಆ ಓಣಿಯಲ್ಲಿ ಸರಿಯಾಗಿ ಹಿಡಿಸುತ್ತದೆ. ಮೇಲೆ ತಗಡಿನ ಚಾವಣಿ ಬೇಕಿದ್ದರೆ ಹೊಸ ಕಟ್ಟಡಕ್ಕೆ ಮಾತ್ರ ಬಿಗಿಯಿರಿ, ಹಳೆ ಗೋಡೆಗೆ ಮೊಳೆ ಕೂಡ ಬೇಡ.

ಎಸ್‌ಡಿಎಂಸಿ_ಗದಗ

ಜಾಗ ಇದೆ. ಆದರೆ ಗ್ರಾಮಸ್ಥರು ಒಂದೇ ಸಾಲಿನಲ್ಲಿ, ಒಂದೇ ಕಟ್ಟಡದಂತೆ ಕಾಣಬೇಕು ಎನ್ನುತ್ತಿದ್ದಾರೆ. ಹಳೆ ಗೋಡೆಗೆ ಕಲ್ಲು ಕಚ್ಚಿಸಿ ಕಟ್ಟಿದರೆ ಗಟ್ಟಿ ಎಂಬ ವಾದವೂ ಇದೆ.

ಗೌಂಡಿ_ಹುಬ್ಬಳ್ಳಿ

ಕಚ್ಚಿಸಬ್ಯಾಡ್ರಿ ಯಣ್ಣಾ. ಹಳೆದು ಕೂತು ನಲವತ್ತು ವರ್ಷ ಆಗೇತಿ, ಹೊಸಾದು ಇನ್ನ ಕೂಡ್ರಬೇಕು. ಹೊಸಾದು ಐದು ಮಿಲಿಮೀಟರ್ ಇಳಿದ್ರೂ ಕಚ್ಚಿಸಿದ ಕಲ್ಲು ಹಳೆ ಗ್ವಾಡಿನ ಜಗ್ಗತೈತಿ. ಬಿರುಕು ಬರೂದು ಹೊಸಾ ಗ್ವಾಡ್ಯಾಗ ಅಲ್ಲ, ಹಳೇದರಾಗ.

ಕಂಬಲೆಕ್ಕ

ಎರೆ ಇಲ್ಲದ ಜಾಗದಲ್ಲಿ, ಎರಡರ ಪಾಯವೂ ಒಂದೇ ಆಳದಲ್ಲಿದ್ದಾಗ ಪಕ್ಕಪಕ್ಕ ಕಟ್ಟಬಹುದು. ಆಗಲೂ ನಡುವೆ 25ರಿಂದ 50 ಮಿ.ಮೀ. ಸಂದು, ಹೊಸದಕ್ಕೆ ತನ್ನದೇ ಪಿಲ್ಲರು, ತನ್ನದೇ ಗೋಡೆ. ಸಂದಿನೊಳಗೆ ಗಾರೆ, ಕಲ್ಲಿನ ಚೂರು ಬೀಳಬಾರದು. ಬಿದ್ದರೆ ಸಂದು ಇದ್ದೂ ಇಲ್ಲದಂತೆ. ಒಂದೇ ಕಟ್ಟಡದಂತೆ ಕಾಣಲು ಸುಣ್ಣಬಣ್ಣ ಸಾಕು.

ಕೆಲಸ ಶುರುವಾಗುವ ಮೊದಲು ಹಳೆ ಗೋಡೆಯ ಈಗಿನ ಬಿರುಕುಗಳ ಫೋಟೊ ತೆಗೆದಿಡಿ. ಬಿರುಕಿನ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ ದಿನಾಂಕ ಬರೆಯಿರಿ. ಗಾಜು ಒಡೆದರೆ ಅಗೆತ ನಿಲ್ಲಿಸಿ.

ಮಣ್ಣುಗುಣ

ನೆಲದ ಕಡೆ ಬರೋಣ. ಪಿಲ್ಲರು ಗಟ್ಟಿ ನಿಂತು ನೆಲ ಎದ್ದು ಬೆಂಚು ಓಲಾಡುವ ಶಾಲೆಗಳೇ ಹೆಚ್ಚು. ಯಾಕೆಂದರೆ ಫುಟಿಂಗಿಗೆ ಕೊಟ್ಟ ಗಮನವನ್ನು ಪ್ಲಿಂತ್ ಭರ್ತಿಗೆ ಯಾರೂ ಕೊಡುವುದಿಲ್ಲ.

ಅಗೆದ ಎರೆಮಣ್ಣನ್ನು ಒಳಗೆ ತುಂಬಲೇಬೇಡಿ. ಕೊಠಡಿಯ ಜಾಗದಲ್ಲಿ ಈಗಿನ ನೆಲದಿಂದ 90 ಸೆಂ.ಮೀ ಎರೆ ತೆಗೆದು ಹೊರಗೆ ಸಾಗಿಸಿ. ಆ 90, ಅದರ ಮೇಲೆ ಪ್ಲಿಂತ್‌ನ 30, ಒಟ್ಟು 1.2 ಮೀ ಗರಸಿನ ಭರ್ತಿ. ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿ ಮಲಪ್ರಭಾ ಕಾಲುವೆಯ ಎರೆ ನೆಲಕ್ಕೆ ಹೇಳಿದ ಪದ್ಧತಿಯ ತಿರುಳೂ ಇದೇ: ಉಬ್ಬುವ ಮಣ್ಣಿನ ಮೇಲೆ ಉಬ್ಬದ, ಆದರೆ ಅಂಟುಗುಣವಿರುವ ಮಣ್ಣಿನ ಸುಮಾರು ಒಂದು ಮೀಟರ್ ಪದರ. ಅಂಟುಗುಣ ಎಂಬ ಮಾತು ಮುಖ್ಯ.

ಜೆಇ_ನಿವೃತ್ತ

ಗರಸು ದೂರದಿಂದ ಬರಬೇಕು. 60 ಸೆಂ.ಮೀ ಮರಳಿನ ಹಾಸು ಕೊಟ್ಟರೆ ಸಾಲದೇ? ಹಳೆ ಅಂದಾಜುಗಳಲ್ಲೆಲ್ಲ ಮರಳಿನ ಹಾಸೇ ಇರುತ್ತಿತ್ತು.

ಮಣ್ಣುಗುಣ

ಅಂಟುಗುಣ ಮುಖ್ಯ ಎಂದದ್ದು ಅದಕ್ಕೇ ಸರ್. ಮರಳಿನ ಹಾಸು ಮಳೆನೀರಿಗೆ ತೊಟ್ಟಿಯಾಗುತ್ತದೆ. ಸುತ್ತಲಿನ ಎರೆ ನೀರು ಬಿಡುವುದಿಲ್ಲ, ಮರಳಿನಲ್ಲಿ ನೀರು ನಿಂತು ಕೆಳಗಿನ ಎರೆಯನ್ನು ತಿಂಗಳುಗಟ್ಟಲೆ ನೆನೆಸುತ್ತದೆ. ಬರೀ ಜಲ್ಲಿ, ಕ್ರಷರ್ ಪುಡಿಯೂ ಹಾಗೆಯೇ. ಸುಣ್ಣ ಬೆರೆಸುವ ದಾರಿಯೂ ಇದೆ, ತೂಕದ ಶೇ. 3ರಿಂದ 6. ಆದರೆ ಎರೆ ಹೆಂಟೆಯನ್ನು ಪುಡಿ ಮಾಡದೆ ಸುಣ್ಣ ಬೆರೆಯುವುದಿಲ್ಲ. ರಸ್ತೆ ಕೆಲಸಕ್ಕೆ ಯಂತ್ರ ಬರುತ್ತದೆ, ಎರಡು ಕೊಠಡಿಗೆ ಬರುವುದಿಲ್ಲ.

ಗರಸಿನ ಲೆಕ್ಕ: ಎರಡು ಕೊಠಡಿ 96 ಚದರ ಮೀ, 1.2 ಮೀ ದಪ್ಪ, ಕುಟ್ಟಿದ ಮೇಲೆ 115 ಘನ ಮೀ. ಸಡಿಲಾಗಿ ತರುವಾಗ ಕಾಲು ಭಾಗ ಹೆಚ್ಚು, ಸುಮಾರು 144 ಘನ ಮೀ. ಬ್ರಾಸ್‌ಗೆ (100 ಘನ ಅಡಿ) 2.83 ಘನ ಮೀ.ನಂತೆ 51 ಬ್ರಾಸ್. ಇಷ್ಟು ಗರಸು ಬರದೆ ಭರ್ತಿ ಮುಗಿಯಿತು ಎಂದರೆ ಒಳಗೆ ಎರೆ ಸೇರಿದೆ ಎಂದೇ ತಿಳಿಯಿರಿ.

ಪದರ 15 ಸೆಂ.ಮೀ ಸಡಿಲು, ಕುಟ್ಟಿದ ಮೇಲೆ 12. ಹತ್ತು ಪದರ ಆಗುತ್ತದೆ. ತೇವ ಸರಿಯಿದೆಯೇ ಎಂದು ತಿಳಿಯಲು ಒಂದು ಹಿಡಿ ಹಿಸುಕಿ: ಉಂಡೆ ಕಟ್ಟಬೇಕು, ಅಂಗೈ ಒದ್ದೆಯಾಗಬಾರದು, ಎದೆಮಟ್ಟದಿಂದ ಬಿಟ್ಟರೆ ಎರಡು ಮೂರು ತುಂಡಾಗಬೇಕು. ಪುಡಿಪುಡಿಯಾದರೆ ನೀರು ಕಡಿಮೆ, ಚಪ್ಪಟೆಯಾದರೆ ಹೆಚ್ಚು. ಪ್ರಯೋಗಾಲಯದ ಗರಿಷ್ಠ ಒಣ ಸಾಂದ್ರತೆಯ ಶೇ. 95 ಬರಬೇಕು. ಗರಸಿನಲ್ಲಿ ಹರಳಿರುವುದರಿಂದ ಕೋರ್ ಕಟರ್ (ಮಾದರಿ ಕತ್ತರಿಸಿ ತೆಗೆಯುವ ಉಕ್ಕಿನ ಕೊಳವೆ) ಒಪ್ಪುವುದಿಲ್ಲ, ಅಂಚು ಹರಿದು ಸುಳ್ಳು ಅಂಕಿ ಕೊಡುತ್ತದೆ. ಮರಳು ತುಂಬಿ ಅಳೆಯುವ ಪರೀಕ್ಷೆ ಮಾಡಿಸಿ, ಎರಡು ಪದರಕ್ಕೊಮ್ಮೆ, ಕೊಠಡಿಗೆ ಮೂರು ಕಡೆ, ಅದರಲ್ಲಿ ಒಂದು ಮೂಲೆಯಲ್ಲಿ. ಉದಾಹರಣೆಗೆ ಹಸಿ ಸಾಂದ್ರತೆ ಘನ ಸೆಂ.ಮೀ.ಗೆ 1.98 ಗ್ರಾಂ, ತೇವ ಶೇ. 11 ಬಂದರೆ ಒಣ ಸಾಂದ್ರತೆ 1.78. ಗರಿಷ್ಠ 1.90 ಇದ್ದರೆ ಇದು ಶೇ. 94 ಕೂಡ ಇಲ್ಲ. ಆ ಪದರ ಮತ್ತೆ ಕುಟ್ಟಬೇಕು.

ಗೌಂಡಿ_ಹುಬ್ಬಳ್ಳಿ

ನೀರು ಕಟ್ಟಿ ಕೂಡ್ರಸೂದು ಉಸುಕಿಗೆ ನಡಿತೈತ್ರಿ. ಗರಸಿಗೂ ಎರಿಗೂ ನೀರು ಕಟ್ಟಿದ್ರ ಮ್ಯಾಲ ರಾಡಿ, ಕೆಳಗ ಟೊಳ್ಳು. ಎಂಟು ದಿನ ಬಿಟ್ಟು ನೋಡಿದ್ರ ಗಟ್ಟಿ ಕಾಣತೈತಿ, ಅದು ಒಣಗಿದ್ದು, ಕೂತಿದ್ದಲ್ಲ. ಮೂಲ್ಯಾಗ, ಪಿಲ್ಲರ್ ಸುತ್ತ ಪ್ಲೇಟ್ ಮಷಿನ್ ಹೋಗಂಗಿಲ್ಲ. ಅಲ್ಲಿ ಜಿಗಿಯೋ ರ‍್ಯಾಮರ್ ಇಲ್ಲಾ ಕೈ ದಿಮ್ಮಸು. ನೆಲ ಕುಸಿಯೂದು ಯಾವಾಗ್ಲೂ ಮೂಲಿಯಿಂದನ ಶುರು.

ಎಸ್‌ಡಿಎಂಸಿ_ಗದಗ

ಒಂದು ಅನುಮಾನ. ಎರೆಯ ನಡುವೆ ಗರಸು ತುಂಬಿದರೆ ಅದೂ ತೊಟ್ಟಿ ಆಗುವುದಿಲ್ಲವೇ? ಫುಟಿಂಗ್ ಗುಂಡಿಗಳೂ ಅಷ್ಟೇ ಅಲ್ಲವೇ?

ಮಣ್ಣುಗುಣ

ಸರಿಯಾದ ಪ್ರಶ್ನೆ. ಆಗುತ್ತದೆ, ಅದಕ್ಕೇ ಮೇಲಿನಿಂದ ನೀರು ಇಳಿಯದಂತೆ ಮುಚ್ಚಬೇಕು. ಗರಸಿನ ಭರ್ತಿಯನ್ನು ಗೋಡೆಯಾಚೆಗೂ ಒಂದು ಮೀಟರ್ ಚಾಚಿ. ಅದರ ಮೇಲೆ 250 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ 10 ಸೆಂ.ಮೀ ಕಾಂಕ್ರೀಟಿನ ಹಾಸು, 1.5 ಮೀ ಅಗಲ, ಹೊರಗೆ 5 ಸೆಂ.ಮೀ ಇಳಿಜಾರು, ಅದರಾಚೆ ಚರಂಡಿ. ಹಾಸು ಭರ್ತಿಗಿಂತ ಅರ್ಧ ಮೀಟರ್ ಹೆಚ್ಚು ಅಗಲ ಇರುವುದು ಬೇಕೆಂದೇ. ಗೋಡೆ ಮತ್ತು ಹಾಸಿನ ನಡುವಿನ ಸಂದಿಗೆ ಡಾಂಬರು ತುಂಬಿ. ಎಲ್ಲ ಮುಗಿದ ಮೇಲೆ ದುಡ್ಡು ಉಳಿದರೆ ಮಾಡೋಣ ಎಂದು ಬಿಡುವ ಐಟಂ ಇದು. ಈ ಮಣ್ಣಿನಲ್ಲಿ ಪಾಯದಷ್ಟೇ ಬೆಲೆ ಇದಕ್ಕಿದೆ.

ಶಾಲೆಯಲ್ಲಿ ನೀರಿನ ಮೂಲಗಳನ್ನು ಎಣಿಸಿ: ಬಿಸಿಯೂಟದ ಅಡುಗೆಮನೆಯ ಬಚ್ಚಲು, ಕೈತೊಳೆಯುವ ನಲ್ಲಿ ಸಾಲು, ಸಿಂಟೆಕ್ಸ್ ತುಂಬಿ ಹರಿಯುವ ಕೊಳವೆ, ಶೌಚಾಲಯದ ಇಂಗುಗುಂಡಿ, ಮಳೆನೀರು ಇಂಗುಗುಂಡಿ. ಇವು ಒಂದು ಮೂಲೆಯನ್ನು ವರ್ಷಪೂರ್ತಿ ನೆನೆಸಿದರೆ ಉಳಿದ ಮೂರು ಮೂಲೆ ಒಣಗಿ ಕಟ್ಟಡ ಓರೆಯಾಗುತ್ತದೆ. ಮರದ್ದು ಇದರ ಉಲ್ಟಾ. ನೀಲಗಿರಿ, ಆಲ, ಬೇವು ಬೇರು ಚಾಚಿ ತೇವ ಹೀರಿ ಒಂದು ಕಡೆ ಕುಗ್ಗಿಸುತ್ತವೆ. ಬೆಳೆದಾಗಿನ ಎತ್ತರದಷ್ಟು ದೂರ ಇರಲಿ.

ಕಂಬಲೆಕ್ಕ

ಪ್ಲಿಂತ್ ಬೀಮ್ (ಪಿಲ್ಲರುಗಳನ್ನು ಕೆಳಗೆ ಜೋಡಿಸಿ ಗೋಡೆ ಹೊರುವ ತೊಲೆ) ಬಗ್ಗೆ ಯಾರೂ ಹೇಳಲಿಲ್ಲ. ಹೊರಗಿನ ಬೀಮನ್ನು ಎರೆಯ ಮೇಲೆ ನೇರ ಕೂರಿಸಿದರೆ ಫುಟಿಂಗ್ ಎಷ್ಟು ಆಳ ಇದ್ದರೂ ಮಣ್ಣು ಉಬ್ಬಿ ಬೀಮನ್ನೇ ಎತ್ತುತ್ತದೆ. ಬೀಮಿನ ಕೆಳಗೆ 8 ಸೆಂ.ಮೀ ಖಾಲಿ ಬೇಕು. ಉಸುಕು ಹಾಸಿ, ಪ್ಲಾಸ್ಟಿಕ್ ಹೊದಿಸಿ ಬೀಮ್ ಹಾಕಿ, 14 ದಿನ ಆದಮೇಲೆ ಪಕ್ಕದಿಂದ ಉಸುಕು ಕೆದಕಿ ತೆಗೆಯಿರಿ. ಆಮೇಲೆ ಎರಡೂ ಪಕ್ಕ ಕಡಪಾ ಕಲ್ಲು ನಿಲ್ಲಿಸಿ ಮಣ್ಣು ಒಳಗೆ ಬೀಳದಂತೆ ಮಾಡಿ, ಗರಸು ಭರ್ತಿ ಅದರ ನಂತರ. ಕೆದಕಿ ತೆಗೆಯುವ ಕೆಲಸವನ್ನು ಎಲ್ಲರೂ ಮರೆಯುತ್ತಾರೆ, ಹಾಗಾಗಿ ಅದನ್ನು ಅಳತೆ ಪುಸ್ತಕದಲ್ಲಿ ಬೇರೆ ಸಾಲಾಗಿ ಬರೆಸಿ.

ಉಬ್ಬುವ ಮಣ್ಣು ಪಿಲ್ಲರಿನ ಮೈಯನ್ನೂ ಹಿಡಿದು ಮೇಲೆಳೆಯುತ್ತದೆ. ನೆಲದೊಳಗಿನ ಭಾಗಕ್ಕೆ ಎರಡು ಕೈ ಡಾಂಬರು ಬಳಿದು ಪ್ಲಾಸ್ಟಿಕ್ ಸುತ್ತಿ. ಫುಟಿಂಗಿಗೆ 10 ಸೆಂ.ಮೀ 1:4:8 (ಸಿಮೆಂಟ್, ಮರಳು, ಜಲ್ಲಿ) ಬೆಡ್, ಮೇಲೆ ಎಂ25 ದರ್ಜೆಯ ಕಾಂಕ್ರೀಟು, ಕಬ್ಬಿಣಕ್ಕೆ 50 ಮಿ.ಮೀ. ಕವರ್ (ಕಂಬಿ ಮುಚ್ಚುವ ಕಾಂಕ್ರೀಟಿನ ದಪ್ಪ), ಸಿಮೆಂಟಿನ ಕವರ್ ಬ್ಲಾಕ್. ಕಲ್ಲಿನ ಚೂರು ಇಟ್ಟರೆ ಕಂಬಿ ತುಳಿದಾಗ ಜಾರುತ್ತದೆ. ನೆಲದ ಕಾಂಕ್ರೀಟು ಗೋಡೆಗೆ ಅಂಟದಿರಲಿ, ಸುತ್ತ 12 ಮಿ.ಮೀ. ಡಾಂಬರು ಹಲಗೆ ಇಡಿ.

ಗೌಂಡಿ_ಹುಬ್ಬಳ್ಳಿ

ತೆಗ್ಗು ತೆಗೆದು ವಾರಗಟ್ಟಲೆ ಬಿಡಬ್ಯಾಡ್ರಿ. ಕಡೀ 15 ಸೆಂ.ಮೀ ಹಂಗ ಉಳಿಸಿ, ಬೆಡ್ ಹಾಕೂ ದಿನಾ ಮುಂಜಾನೆ ಕೈಲೆ ತೆಗೀರಿ. ಮಳಿ ಬಂದು ನೀರು ನಿಂತ್ರ ನೀರು ಹೊಡದಷ್ಟಕ್ಕ ಸಾಲಂಗಿಲ್ಲ, ಮೆತ್ತಗ ಆದ ಗರಸು ಪೂರಾ ಕೆರೆದು ತೆಗಿಬೇಕು. ತಗ್ಗಾದ್ರ ಮಣ್ಣು ತುಂಬಬ್ಯಾಡ್ರಿ, ಬೆಡ್ ಕಾಂಕ್ರೀಟನ ದಪ್ಪ ಹಾಕ್ರಿ.

ಕಡಲದಂಡೆ

ಮಧ್ಯೆ ಬಾಯಿ ಹಾಕುವುದಕ್ಕೆ ಕ್ಷಮಿಸಿ. ದಕ್ಷಿಣ ಕನ್ನಡ, ಉಡುಪಿಯವರು ಇದನ್ನು ಓದಿ ಗರಸು ಹುಡುಕಲು ಹೋಗಬೇಡಿ ಮಾರಾಯ್ರೆ. ನಮ್ಮಲ್ಲಿ ಮೇಲೆ ಮುರಕಲ್ಲು (ಜಂಬಿಟ್ಟಿಗೆ) ಗಟ್ಟಿ, ಅದರ ಕೆಳಗಿನ ಶೇಡಿಮಣ್ಣು (ಮೆತ್ತನೆಯ ಜೇಡಿ) ಮೋಸ. ಆಳಕ್ಕೆ ಹೋದಷ್ಟೂ ಒಳ್ಳೆಯದು ಎಂದು ಮುರಕಲ್ಲು ಒಡೆದು ಶೇಡಿಗೆ ಇಳಿದರೆ ನೀರು ತಾಗಿದ ಕೂಡಲೇ ಅದು ಸೋರಿ ಹೋಗುತ್ತದೆ. ಇಲ್ಲಿ ಆದಷ್ಟು ಮೇಲಿನ ಗಟ್ಟಿ ಪದರದಲ್ಲೇ ನಿಲ್ಲಿ, ಅದು ಕೆಳಗೆ ಎಷ್ಟು ದಪ್ಪ ಇದೆ ಎಂದು ಮಾತ್ರ ಕೊರೆದು ನೋಡಿ.

ಜೆಇ_ನಿವೃತ್ತ

ಮರಳಿನ ಹಾಸಿನ ಮಾತು ಹಿಂದಕ್ಕೆ ತೆಗೆದುಕೊಂಡೆ. ಎಸ್‌ಡಿಎಂಸಿಯವರಿಗೆ ಕೆಲಸದ ಕ್ರಮ ಹೇಳುತ್ತೇನೆ. ಏಪ್ರಿಲ್–ಮೇ ರಜೆಯಲ್ಲಿ ಅಗೆತ, ಫುಟಿಂಗ್, ಪ್ಲಿಂತ್ ಬೀಮ್, ಭರ್ತಿ ಇಷ್ಟೂ ಮುಗಿಯಬೇಕು. ಮಕ್ಕಳು ಬರುವಾಗ ಎರಡು ಮೀಟರ್ ಗುಂಡಿ ಬಾಯಿ ತೆರೆದಿರಬಾರದು. ಅದಕ್ಕಾಗಿ ಮಣ್ಣಿನ ವರದಿ ಫೆಬ್ರುವರಿಯಲ್ಲೇ ಕೈಯಲ್ಲಿರಲಿ. ಪರಿಷ್ಕೃತ ಅಂದಾಜಿಗೆ ಮಂಜೂರಾತಿ ಪಡೆಯಲು ವರದಿಯೊಂದೇ ಆಧಾರ, ಬಾಯಿಮಾತಿಗೆ ಯಾರೂ ಸಹಿ ಹಾಕುವುದಿಲ್ಲ. ಕಲ್ಲಿನ ಪಾಯದ ಐಟಂ ತೆಗೆದು, ಹೆಚ್ಚುವರಿ ಅಗೆತ, ಎರೆ ಸಾಗಣೆ, ಗರಸು, ಸಾಂದ್ರತೆ ಪರೀಕ್ಷೆ, ಸುತ್ತಿನ ಹಾಸು ಇವನ್ನು ಬೇರೆಬೇರೆ ಸಾಲಾಗಿ ಸೇರಿಸಿ. ಒಟ್ಟು ಮೊತ್ತದಲ್ಲಿ ಅಡಗಿಸಿದ ಐಟಂ ಸ್ಥಳದಲ್ಲಿ ಆಗುವುದಿಲ್ಲ.

ಗೆದ್ದಲು ಔಷಧಿ ಹೊಡೆಯುವುದಿದ್ದರೆ ಭರ್ತಿಯ ಮೇಲ್ಮೈಗೆ ಚದರ ಮೀಟರಿಗೆ 5 ಲೀಟರ್ ದ್ರಾವಣ, ನೆಲದ ಕಾಂಕ್ರೀಟಿಗೆ ಮುಂಚೆ. ಶಾಲೆಯ ಬೋರ್‌ವೆಲ್ ಹತ್ತಿರವಿದ್ದರೆ ಬಿಡಿ.

ಎಸ್‌ಡಿಎಂಸಿ_ಗದಗ

ಎಲ್ಲರಿಗೂ ಧನ್ಯವಾದ. ಮೂರು ಆಳದ ಮಾದರಿ, ಗರಸಿನ ಮಾದರಿ ನಾಳೆ ಕಳಿಸುತ್ತಿದ್ದೇವೆ. ಓಣಿ ಬಿಡುವುದಕ್ಕೆ ಸಮಿತಿ ಒಪ್ಪಿದೆ. ಉಳಿದದ್ದು ಒಂದೇ: ಈಗಿನ ಕುಡಿಯುವ ನೀರಿನ ಪೈಪು ಆ ಓಣಿಯ ಅಡಿಯಲ್ಲೇ ಹೋಗಿದೆ, ಹಳೆ ಜಿಐ ಪೈಪು.

ಮಣ್ಣುಗುಣ

ಅದನ್ನು ಮೊದಲು ಬೇರೆಡೆ ತಿರುಗಿಸಿ, ಅಗೆತ ಆಮೇಲೆ. ಎರೆಯಲ್ಲಿ ಪೈಪಿನ ಕೀಲು ಸಡಿಲಾಗಿ ಸೋರುವುದು ಮೇಲೆ ಕಾಣುವುದೇ ಇಲ್ಲ, ಬಿರುಕು ಎಲ್ಲವನ್ನೂ ಕುಡಿಯುತ್ತದೆ. ಹೊಸ ಪೈಪನ್ನು ಕಟ್ಟಡದಿಂದ 3 ಮೀ ಆಚೆ, ನೆಲದ ಮೇಲೆಯೇ ಕಾಣುವಂತೆ ಗೂಟಕ್ಕೆ ಕಟ್ಟಿ ಒಯ್ಯಿರಿ. ಗೋಡೆ ದಾಟುವಲ್ಲಿ ಒಂದು ಸೈಜು ದೊಡ್ಡ ಪೈಪಿನ ಕೊಳವೆಯೊಳಗೆ ಹಾಯಿಸಿ.